ಗುರುಶಾಂತಪ್ಪನವರ ಹೊಗೆ ಮನೆಗೆ ಬರಲಿಲ್ಲ

ಇದು ನಿಜವಾಗಿ ನಡೆದದ್ದು. ಸುಳ್ಳು ಬರೆಯಬೇಕು ಅನ್ನಿಸಿದಾಗ ನಾನು ನಮ್ಮೂರಿನ ಪರಿಸರ ಸಂರಕ್ಷಣಾ ಸಮಿತಿಯ ವಾರ್ಷಿಕ ವರದಿ ಬರೆಯುತ್ತೇನೆ. ಅದರ ಕಾರ್ಯದರ್ಶಿ ನಾನೇ. ಜೊತೆಗೆ ಕಾಲೇಜಿನಲ್ಲಿ ತರ್ಕಶಾಸ್ತ್ರದ ಪಾಠ ಹೇಳುವವನು. ಹಾಗಾಗಿ ಯಾವುದು ಸತ್ಯ, ಯಾವುದು ವರದಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಈಗ ಹೇಳಲಿರುವುದರಲ್ಲಿ ಒಂದಕ್ಷರವೂ ವರದಿಯಲ್ಲ.

ನಮ್ಮೂರಲ್ಲಿ ಗಾಡಿಗಳ ಹೊಗೆ ಆಕಾಶಕ್ಕೆ ಹೋಗುವುದಿಲ್ಲ. ಹಗಲೆಲ್ಲ ಬಿಟ್ಟ ಕಡೆಯೇ ನಿಂತಿರುತ್ತದೆ, ರಸ್ತೆಯ ಅಂಚಿನಲ್ಲಿ, ಮರದ ಬುಡದಲ್ಲಿ, ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ, ಮೇಯಲು ಬಿಟ್ಟ ಎಮ್ಮೆಯ ಹಾಗೆ. ದೀಪ ಹಚ್ಚುವ ಹೊತ್ತಿಗೆ ಯಜಮಾನ ಮನೆಯ ಗೇಟಿಗೆ ಬಂದು ಕೂಗುತ್ತಾನೆ. ಅವನ ದನಿ ಕಿವಿಗೆ ಬಿದ್ದದ್ದೇ ಅವನ ಗಾಡಿಯ ಹೊಗೆಯೆಲ್ಲ ಅಲ್ಲಲ್ಲಿಂದ ಎದ್ದು, ಒಂದಾಗಿ, ಓಣಿ ಹಿಡಿದು ಮನೆ ಸೇರುತ್ತದೆ. ಕೂಗದಿದ್ದರೆ ರಸ್ತೆಯಲ್ಲೇ ಬಿದ್ದುಕೊಂಡು ಅಕ್ಕಪಕ್ಕದವರ ಬಾಯಲ್ಲಿ ಯಜಮಾನನ ಮೂರು ತಲೆಮಾರಿಗೆ ಬೈಗುಳ ಕೊಡಿಸುತ್ತದೆ. ಆದ್ದರಿಂದ ಎಲ್ಲರೂ ಕೂಗುತ್ತಾರೆ. ಒಳಗೆ ಬಂದ ಹೊಗೆ ಬೆಳಗಾಗುವಷ್ಟರಲ್ಲಿ ಕರಗಿಹೋಗುತ್ತದೆ. ಎಲ್ಲಿಗೆ ಅಂತ ಕೇಳಬೇಡಿ. ಅರ್ಧ ಗೋಡೆಗೆ, ಅರ್ಧ ಮನೆಯವರಿಗೆ.

ಊರು ಇದಕ್ಕೆ ಹೊಂದಿಕೊಂಡಿದೆ ಎಂದರೆ ಸಾಲದು, ಇದರಿಂದಲೇ ಮೆರೆಯುತ್ತಿದೆ. ಹೆಣ್ಣು ಕೊಡುವವರು ಬೇಕೆಂದೇ ಸಂಜೆಗೆ ಬಂದು, ಗಂಡಿನ ಮನೆಗೆ ಎಷ್ಟು ಹೊಗೆ ಬರುತ್ತದೆಂದು ನೋಡಿಕೊಳ್ಳುತ್ತಾರೆ. ಹೊಗೆ ಮೊಣಕಾಲುದ್ದ ಬಂದರೆ ಮಾತುಕತೆ. ಸೊಂಟದುದ್ದ ಬಂದರೆ ಅಲ್ಲೇ ಎಲೆಯಡಿಕೆ. ಮನೆ ಕಟ್ಟುವವರು ದೇವರ ಕೋಣೆಗಿಂತ ಮೊದಲು ಹೊಗೆಕೋಣೆಗೆ ಗುರುತು ಹಾಕುತ್ತಾರೆ. ಆಮೇಲೆ ಜಾಗ ಯಾಕೆ ದಂಡ ಅಂತ ಅದರಲ್ಲೇ ಮುದುಕಿಯ ಮಂಚವನ್ನೂ ಹಾಕುತ್ತಾರೆ. ಬುದ್ಧಿವಂತರು ಗಾಡಿಯನ್ನು ಅತ್ತೆಯ ಹೆಸರಿನಲ್ಲಿ ಕೊಳ್ಳುತ್ತಾರೆ. ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ದನಿಗೇ ಹೊಗೆ ಬರುವುದು. ಹೀಗಾಗಿ ಸವಾರಿ ಅಳಿಯನದು, ಕೂಗುವುದು ಅತ್ತೆ, ಕೆಮ್ಮುವುದೂ ಅತ್ತೆ. ಬಸ್ಸುಗಳ ಹೊಗೆ ಡಿಪೋ ಮ್ಯಾನೇಜರರ ಮನೆಗೆ ಹೋಗುತ್ತಿತ್ತು. ಯಾವ ಮ್ಯಾನೇಜರೂ ನಿಲ್ಲದೆ ಈಗ ನಮ್ಮೂರಿಗೆ ಬಸ್ಸೇ ಇಲ್ಲ. ನನ್ನಂಥ ಸೈಕಲ್ಲಿನವರನ್ನು ‘ಹೊಗೆಯಿಲ್ಲದವರು’ ಅನ್ನುತ್ತಾರೆ, ‘ಪಾಪ’ ಅನ್ನುವ ದನಿಯಲ್ಲಿ. ಈ ಊರಲ್ಲಿ ಕಾರಿದ್ದವರದೇ ಕಾರುಬಾರು, ‘ಅಹಂಕಾರ’ದಲ್ಲೂ ಅರ್ಧಕ್ಕರ್ಧ ಕಾರೇ ಎಂದು ತರಗತಿಯಲ್ಲಿ ಹೇಳಿದರೆ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಹೊರಗೆ ಹೋಗಿ ಬೈಕಿಗೆ ಕಿಕ್ ಹೊಡೆಯುತ್ತಾರೆ.

ಇಂಥ ಊರಿನಲ್ಲಿ ಅತಿ ದೊಡ್ಡ ಹೊಗೆ ಗುರುಶಾಂತಪ್ಪನವರದು. ಮೂಡಣ ದಿಕ್ಕಿನಲ್ಲಿದ್ದ ಗುಡ್ಡವನ್ನು ಜಲ್ಲಿ ಮಾಡಿ ಮಾರಿದವರು ಅವರು. ಗುಡ್ಡ ಮುಗಿದ ಮೇಲೆ ಅವರಿಗೆ ಪರಿಸರದ ಮೇಲೆ ಕನಿಕರ ಹುಟ್ಟಿತು. ಸಮಿತಿ ಕಟ್ಟಿ, ತಾವೇ ಅಧ್ಯಕ್ಷರಾಗಿ, ಗುಡ್ಡವಿದ್ದ ಕಡೆ ಈಗಿರುವ ಗುಂಡಿಯ ಅಂಚಿನಲ್ಲಿ ‘ಪರಿಸರ ಭವನ’ ಅಂತ ಒಂದು ದೊಡ್ಡ ಹಾಲ್ ಕಟ್ಟಿಸಿದರು. ಅಲ್ಲಿಗೆ ಯಾರೂ ಹೋಗುವುದಿಲ್ಲ, ದೂರ ಅಂತ. ಸಭೆಗಳೆಲ್ಲ ಕ್ಲಬ್ಬಿನಲ್ಲಿ. ಕ್ಲಬ್ಬೋ ಅಧ್ಯಕ್ಷರ ಮನೆಗೆ ಎಷ್ಟು ಹತ್ತಿರವೆಂದರೆ ಅವರ ಮನೆಯ ಕುಕ್ಕರ್ ಕೂಗಿದರೆ ಇಲ್ಲಿ ಇಸ್ಪೀಟಾಡುವವರಿಗೆ ಹಸಿವಾಗುತ್ತದೆ. ಆದರೂ ಅವರು ಬರುತ್ತಿದ್ದದ್ದು ಕಾರಿನಲ್ಲಿ. ಮೊಣಕಾಲು ನೋವು ಎಂಬುದು ನೆಪವಲ್ಲ, ನಿಜವೇ. ಆದರೆ ನೋವು ಮೊಣಕಾಲಿಗೆ, ಕಾರು ಯಾಕೆ ಕೆರೆ ಸುತ್ತಿ ಬರಬೇಕು? ನೇರ ದಾರಿಯಲ್ಲಿ ಬಂದರೆ ಎಂಜಿನ್ ಬಿಸಿಯಾಗುವುದರೊಳಗೆ ಕ್ಲಬ್ಬು ಬಂದುಬಿಡುತ್ತದಂತೆ. ವಾಯುಮಾಲಿನ್ಯದ ಬಗ್ಗೆ ಅವರು ಮಾತಾಡುವಷ್ಟು ಹೊತ್ತೂ ಹೊರಗೆ ಎಂಜಿನ್ ಓಡುತ್ತಲೇ ಇರುತ್ತಿತ್ತು, ಹೋಗುವಾಗ ಸೀಟು ತಣ್ಣಗಿರಲಿ ಅಂತ.

ಸಂಜೆಯಾದರೆ ಅವರ ಗೇಟಿನ ಮುಂದೆ ಉಚಿತ ಪ್ರದರ್ಶನ. ಉಳಿದವರೆಲ್ಲ ಕೂಗಿ ಮುಗಿಸಿ ಜಗುಲಿಗಳಲ್ಲಿ ಕೂತ ಮೇಲೆಯೇ ಅವರು ಇಸ್ತ್ರಿ ಪಂಚೆಯುಟ್ಟು ಹೊರಬರುವುದು. ಹೊಟ್ಟೆಯಿಂದ ಹೊರಟು, ಮೂಗಿನಲ್ಲಿ ಒಂದು ಸುತ್ತು ಹೊಡೆದು ಬರುವ ದನಿಯಲ್ಲಿ, “ಹ್ರೂಂ… ಭದ್ರಾ! ಬಾರಪ್ಪಾ ಭದ್ರಾ!” ಹೌದು, ಹೊಗೆಗೆ ಹೆಸರಿಟ್ಟಿದ್ದರು. ಕೆರೆಯ ಕಡೆಯಿಂದ, ಕ್ಲಬ್ಬಿನ ಕಡೆಯಿಂದ ಎದ್ದು ಬಂದ ಭದ್ರ, ಓಣಿಯ ಎರಡೂ ಬದಿಯ ಜಗುಲಿಗಳನ್ನು ಸವರಿಕೊಂಡು, ಆನೆ ಗಾತ್ರದಲ್ಲಿ ತೂಗುತ್ತ ಬರುವನು. ಗುರುಶಾಂತಪ್ಪನವರು ಮೆಚ್ಚುಗೆಗಾಗಿ ಸುತ್ತ ನೋಡುವರು. “ಇವತ್ತು ಸ್ವಲ್ಪ ಸೊರಗಿದಾನೆ, ಏನಂತೀರಿ?” ಜನ, “ಎಲ್ಲಿ ಸಾರ್, ಇನ್ನೂ ಕೊಬ್ಬಿದಾನೆ!” ಎಂದು ಹೊಗಳುವರು. ಹೊಗಳಿಕೆಯೆಂಬ ಮಾತು ಹುಟ್ಟಿದ್ದೇ ಹೊಗೆಯಿಂದ ಅನ್ನುವುದು ನನ್ನ ಸಂಶೋಧನೆ. ಭಾಷಾ ವಿಭಾಗದವರು ಒಪ್ಪುವುದಿಲ್ಲ.

ಒಳಗೆ ನೀಲಮ್ಮನವರು ಕೂತಿರುತ್ತಿದ್ದರು. ಅವರು ಗುರುಶಾಂತಪ್ಪನವರ ಹೆಂಡತಿ. ಮಲಗಿದರೆ ಉಸಿರು ಕಟ್ಟುವುದರಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಅಭ್ಯಾಸ ಅವರಿಗೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಇನ್ನು ಆ ಹೊಗೆ ಇರಬೇಕು, ಇಲ್ಲ ನೀವಿರಬೇಕು” ಎಂದುಬಿಟ್ಟಿದ್ದರು. ಗುರುಶಾಂತಪ್ಪನವರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಡಾಕ್ಟರನ್ನು ಬದಲಾಯಿಸಿದರು. ನೀಲಮ್ಮನವರು ಪೆಟ್ಟಿಗೆ ಕಟ್ಟತೊಡಗಿದರು, ಹೊಗೆಯಿಲ್ಲದ ಬಡತಂಗಿಯ ಮನೆಗೆ ಹೋಗಿಬಿಡಲು. ಮನೆ ಬಿಟ್ಟು ಹೋಗುವ ಮನಸ್ಸು ಅವರಿಗೆ ಖಂಡಿತ ಇರಲಿಲ್ಲ. ಸಾಯುವ ಮನಸ್ಸೂ ಇರಲಿಲ್ಲ. ಅವರ ದೊಡ್ಡ ಸಂಕಟವೆಂದರೆ ಗಂಡನನ್ನು ಸರಿಯಾಗಿ ಬೈಯಲಾಗದಿರುವುದು. “ಅಲ್ಲಾ ರೀ, ನಿಮಗೇನಾದರೂ—” ಎನ್ನುವಷ್ಟರಲ್ಲಿ ಕೆಮ್ಮು ಬರುತ್ತಿತ್ತು, ಕೆಮ್ಮು ಮುಗಿಯುವಷ್ಟರಲ್ಲಿ ಗಂಡ ಕಾರು ಹತ್ತಿರುತ್ತಿದ್ದ. ವರ್ಷಗಟ್ಟಲೆ ಒಂದು ಬೈಗುಳವೂ ಪೂರ್ತಿಯಾಗಿರಲಿಲ್ಲ.

ಉಪಾಯ ಮನೆಯಲ್ಲೇ ಇತ್ತು. ಅಪ್ಪನ ಮೊಣಕಾಲು ನೋಡಿ ಮಗಳು ತರಿಸಿಕೊಟ್ಟಿದ್ದ ಒಂದು ಬ್ಯಾಟರಿ ಗಾಡಿ ಪಡಸಾಲೆಯಲ್ಲಿ ನಿಂತಿತ್ತು. ನಡೆಯಲಾಗದವರು ಕೂತು ತಾವೇ ನಡೆಸುವಂಥದ್ದು: ನಾಲ್ಕು ಪುಟ್ಟ ಚಕ್ರ, ಮೇಲೊಂದು ಕುರ್ಚಿ, ಮುಂದೆ ಹ್ಯಾಂಡಲ್ಲು, ಅದರ ಮುಂದೆ ಒಂದು ಬುಟ್ಟಿ. ಮೊಬೈಲಿನ ಹಾಗೆ ಗೋಡೆಗೆ ಚುಚ್ಚಿ ಚಾರ್ಜು ಮಾಡಿದರಾಯಿತು. ಗುರುಶಾಂತಪ್ಪನವರು ಅದರ ಮೇಲೆ ಟವೆಲು ಒಣಹಾಕುತ್ತಿದ್ದರು.

“ಇದರಲ್ಲಿ ಕ್ಲಬ್ಬಿಗೆ ಹೋಗಬಹುದಲ್ಲ ಸಾರ್?” ಎಂದು ನಾನೊಮ್ಮೆ ಕೇಳಿದ್ದೆ.

“ಕುಂಟರ ಗಾಡೀಲಿ? ನಾನು?” ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ ಅವರ ಮನೆಯ ಮುಂದೆ ನಾನೇ ಏನೋ ಗಲೀಜು ಮಾಡಿದಂತೆ. “ಸಂಜೆ ಗೇಟಲ್ಲಿ ನಿಂತು ಯಾರನ್ನ ಕೂಗಲಿ? ಖಾಲಿ ಓಣೀನ? ಅಲ್ಲದೆ ಮೇಷ್ಟ್ರೇ, ಕರೆಂಟು ಎಲ್ಲಿಂದ ಬರುತ್ತೆ? ಕಲ್ಲಿದ್ದಲಿಂದ. ಅಲ್ಲಿ ಹೊಗೆ ಇಲ್ವಾ? ಇದೇ ಹೊಗೆ, ಬೇರೆ ಒಲೆ. ಹಾಗಿರುವಾಗ ನಾನು ಕಾರು ಬಿಟ್ಟು ಏನು ಉಪಯೋಗ, ಏನಂತೀರಿ?”

ಏನನ್ನುವುದು? ಸಮಿತಿಯ ಹನ್ನೊಂದು ಜನವೂ ಇದೇ ವಾದವನ್ನು ಬಾಯಿಪಾಠ ಮಾಡಿಕೊಂಡಿದ್ದರು. ಆನೆಗೂ ಹಸಿವು, ಇರುವೆಗೂ ಹಸಿವು, ಆದ್ದರಿಂದ ಎರಡಕ್ಕೂ ಒಂದೇ ಅಳತೆಯ ಬೋಗುಣಿ ಎಂಬ ತರ್ಕವನ್ನು ನನ್ನ ವಿದ್ಯಾರ್ಥಿಯೊಬ್ಬ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ. ಅಧ್ಯಕ್ಷರಿಗೆ ಚಪ್ಪಾಳೆ ಕೊಟ್ಟೆ.

ನನಗೊಂದು ಚಟವಿದೆ, ಕಂಡವರ ದನಿಯನ್ನು ಅಣಕಿಸುವುದು. ಪ್ರಿನ್ಸಿಪಾಲರ ಸೀನು, ತಹಸೀಲ್ದಾರರ ಆಕಳಿಕೆ, ಕ್ಲಬ್ಬಿನ ಫ್ರಿಜ್ಜಿನ ಗೊರಗೊರ, ಎಲ್ಲವೂ ಬರುತ್ತವೆ. ಒಂದು ಮಧ್ಯಾಹ್ನ ವರದಿಗೆ ರುಜು ಹಾಕಿಸಲು ಅಧ್ಯಕ್ಷರ ಮನೆಗೆ ಹೋದವನು, ಅವರಿಲ್ಲದ್ದು ಕಂಡು, ಸುಮ್ಮನಿರಲಾರದೆ ಹಿತ್ತಿಲ ಬಾಗಿಲಲ್ಲಿ ನಿಂತು, “ಹ್ರೂಂ… ನೀಲಾ! ಎಲ್ಲಿದೀಯೇ?” ಎಂದೆ.

“ಬಂದೆ ರೀ,” ಎಂದು ಒಳಗಿನಿಂದ ಉತ್ತರ ಬಂತು. ಹಿಂದೆಯೇ ನೀಲಮ್ಮನವರು ಬಂದರು. ನನ್ನನ್ನು ನೋಡಿದರು. ನನ್ನ ಹಿಂದೆ ನೋಡಿದರು. ಬಾವಿಕಟ್ಟೆಯ ಹಿಂದೆಯೂ ನೋಡಿದರು.

“ಅವರು ಎಲ್ಲಿ?”

“ಹ್ರೂಂ… ಇಲ್ಲೇ ಇದೀನಿ, ಏನಂತೀರಿ?” ಎಂದೆ ನಾನು.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಾಗಿಲ ಚೌಕಟ್ಟು ಹಿಡಿದು ಉಸಿರು ಜೋಡಿಸಿಕೊಂಡರು. ಆಮೇಲೆ ನಿಧಾನಕ್ಕೆ, “ಮೇಷ್ಟ್ರೇ, ಇಷ್ಟು ವರ್ಷ ಸಂಸಾರ ಮಾಡಿದ ನಾನೇ ಮೋಸ ಹೋದೆ,” ಎಂದರು. “ಆ ದರಿದ್ರದ ಭದ್ರಂಗೆ ಗೊತ್ತಾಗುತ್ತಾ?”

ತರ್ಕಶಾಸ್ತ್ರ ನನ್ನದು, ತೀರ್ಮಾನ ಅವರದು.

ಭದ್ರನನ್ನು ಕರೆದು ಎಲ್ಲಿ ಕೂಡಿಹಾಕುವುದು ಎಂಬ ಪ್ರಶ್ನೆಗೆ ಉತ್ತರ ನನ್ನ ಜೇಬಿನಲ್ಲೇ ಇತ್ತು: ಪರಿಸರ ಭವನದ ಬೀಗದ ಕೈ. ಕಟ್ಟಿದಂದಿನಿಂದ ಆ ಭವನದಿಂದ ಪರಿಸರಕ್ಕೆ ಆಗುವ ಮೊದಲ ಉಪಕಾರ ಇದೇ ಎಂದು ನೆನೆದು ಎದೆಯುಬ್ಬಿತು. ಮರುದಿನ ಸಂಜೆ ಸೈಕಲ್ ತುಳಿದು ಅಲ್ಲಿಗೆ ಹೋದೆ. ಊರಲ್ಲಿ ಕೂಗಾಟ ಆಗಷ್ಟೇ ಶುರುವಾಗಿತ್ತು. ಅಧ್ಯಕ್ಷರು ಎಲ್ಲರಿಗಿಂತ ಕೊನೆಗೆ ಕೂಗುವವರು, ಇನ್ನೂ ಪಂಚೆಯ ನೆರಿಗೆ ತೀಡುತ್ತಿರುತ್ತಾರೆ. ಬಾಗಿಲು ತೆರೆದಿಟ್ಟು, ಒಳಗೆ ನಿಂತು, ಹೊಟ್ಟೆಯಿಂದ ಗಾಳಿ ಎತ್ತಿ ಮೂಗಿನಲ್ಲಿ ತಿರುವಿದೆ. “ಹ್ರೂಂ… ಭದ್ರಾ! ಬಾರಪ್ಪಾ ಭದ್ರಾ!”

ಬಂದ. ಗುಂಡಿಯ ಅಂಚು ಬಳಸಿ ಕುಲುಕುತ್ತ ಬಂದು, ಬಾಗಿಲಲ್ಲಿ ತಲೆ ಬಗ್ಗಿಸಿ, ಒಳನುಗ್ಗಿದ. ನಾನು ಕಿಟಕಿ ಹಾರಿ ಹೊರಬಿದ್ದು, ಬಾಗಿಲು, ಕಿಟಕಿ ಎಲ್ಲ ಎಳೆದು ಬೀಗ ಜಡಿದೆ.

ಆ ಸಂಜೆ ಓಣಿಯಲ್ಲಿ ಏನು ನಡೆಯಿತೆಂಬುದನ್ನು ನೀಲಮ್ಮನವರು ಹೇಳಿದರು. ಗುರುಶಾಂತಪ್ಪನವರು ಗೇಟಿಗೆ ಬಂದು ಕೂಗಿದರು. ಓಣಿ ಖಾಲಿ. ಗಂಟಲು ಸರಿಮಾಡಿಕೊಂಡು ಮತ್ತೆ ಕೂಗಿದರು. ಎದುರು ಮನೆಯ ಮೊಪೆಡ್ಡಿನ ಹೊಗೆ, ಬೆಕ್ಕಿನಷ್ಟಿದ್ದದ್ದು, ದಾರಿ ತಪ್ಪಿ ಒಂದು ಹೆಜ್ಜೆ ಇತ್ತ ಬಂದು, ತನ್ನವರಲ್ಲ ಎಂದು ತಿಳಿದು ಹಿಂದೆ ಹೋಯಿತು. ಜಗುಲಿಯಲ್ಲಿ ಯಾರೋ, “ಹೊಗೆಗೂ ಬೇಜಾರಾಗಿರಬೇಕು ಬಿಡಿ ಸಾರ್,” ಎಂದರು. ಗುರುಶಾಂತಪ್ಪನವರು ಒಳಗೆ ಬಂದು ಊಟ ಮಾಡದೆ ಕೂತರು.

ಮಾರನೆಯ ದಿನ ಅವರು ಕೆರೆಯನ್ನು ಸುತ್ತಿದ್ದೇ ಸುತ್ತಿದ್ದು, ಗಾಣದೆತ್ತಿನ ಹಾಗೆ. ಹಳೆಯ ಹೊಗೆ ಮುನಿಸಿಕೊಂಡಿದ್ದರೆ ಹೊಸದನ್ನಾದರೂ ಹುಟ್ಟಿಸೋಣ ಅಂತ. ಅದೂ ನನ್ನ ದನಿಗೇ ಬಂತು. ಆಮೇಲೆ ಅವರು ಪೊಲೀಸ್ ಠಾಣೆಗೆ ಹೋದರು, ಹೊಗೆ ಕಳುವಾಗಿದೆ ಅಂತ. ಜೊತೆಗೆ ಬನ್ನಿ ಎಂದು ನನ್ನನ್ನೂ ಎಳೆದುಕೊಂಡು ಹೋದರು, ಸಮಿತಿಯ ಕಾರ್ಯದರ್ಶಿಯಲ್ಲವೇ.

“ಗುರುತು ಹೇಳಿ,” ಎಂದ ದಫೇದಾರ, ಪೆನ್ನು ಕೈಗೆ ತೆಗೆದುಕೊಳ್ಳದೆ.

“ಕಪ್ಪಗೆ, ದಪ್ಪಗೆ. ಕೂಗಿದರೆ ಬರ್ತಾನೆ.”

“ಸಾರ್, ನಮ್ಮ ಭಾವಮೈದನೂ ಹಂಗೇ ಇದಾನೆ.” ದಫೇದಾರ ನನ್ನ ಕಡೆ ತಿರುಗಿದ. “ಮೇಷ್ಟ್ರೇ, ನಿಮಗೆ ಯಾರ ಮೇಲಾದರೂ ಅನುಮಾನ?”

“ದನಿ ಕಲಿತವರು ಯಾರೋ ಮಾಡಿರಬೇಕು,” ಎಂದೆ ನಾನು, ತಹಸೀಲ್ದಾರರ ದನಿಯಲ್ಲಿ. ದಫೇದಾರ ಅಭ್ಯಾಸಬಲದಿಂದ ಎದ್ದು ನಿಂತ.

ಕೆಲವು ದಿನ ಹೀಗೇ ಕಳೆದ ಮೇಲೆ ಗುರುಶಾಂತಪ್ಪನವರು ಗೇಟಿಗೆ ಬರುವುದನ್ನು ನಿಲ್ಲಿಸಿದರು. ಹಿಂದೆಯೇ ಕಾರು ತೆಗೆಯುವುದನ್ನೂ ನಿಲ್ಲಿಸಿದರು. ಊರಿಗೆ ತೋರಿಸಲು ಹೊಗೆಯೇ ಇಲ್ಲದ ಮೇಲೆ ಕಾರು ಯಾಕೆ? ಕಾರಿನಲ್ಲಿ ಎಲ್ಲಿಗಾದರೂ ಹೋಗಬಹುದು ಎಂಬುದನ್ನು ಅವರು ಯಾವತ್ತೂ ಮುಖ್ಯವೆಂದು ತಿಳಿದವರಲ್ಲ. ಮೂಗರಂತೆ ಮನೆಯೊಳಗೆ ಕೂತ ಗಂಡನನ್ನು ನೀಲಮ್ಮನವರು ಒಂದು ಬೆಳಿಗ್ಗೆ ಅಡುಗೆಮನೆಯಿಂದಲೇ ಬೈಯಲು ಶುರುಮಾಡಿಕೊಂಡರು. ಆಗ ನಾನು ಪಡಸಾಲೆಯಲ್ಲೇ ಇದ್ದೆ.

“ಅಲ್ಲಾ ರೀ, ನಿಮಗೇನಾದರೂ ಬುದ್ಧಿ ಅನ್ನೋದು ಇದ್ದರೆ ಹೊಗೆ ಹೋಯ್ತು ಅಂತ ಹೆಂಡತಿ ಸತ್ತೋರ ಹಾಗೆ ಕೂತ್ಕೊಳ್ತಿದ್ರಾ, ಹೆಂಡತಿ ಸಾಯೋ ಹಾಗಿದ್ದಾಗ ಒಂದು ದಿನ ಹೀಗೆ ಕೂತ್ಕೊಂಡ್ರಾ, ಗುಡ್ಡ ತಿಂದ್ರಿ, ಗಾಳಿ ತಿಂದ್ರಿ, ನನ್ನ ನಿದ್ದೆ ತಿಂದ್ರಿ, ಈಗ ಉಪ್ಪಿಟ್ಟು ತಿನ್ನೋಕೆ ಮಾತ್ರ ನಿಮಗೆ ಮನಸ್ಸಿಲ್ವಾ, ಆರಿಹೋಗ್ತಿದೆ, ಎದ್ದು ಬನ್ನಿ!”

ಗುರುಶಾಂತಪ್ಪನವರು ತಲೆಯೆತ್ತಿದರು. ಕೆಮ್ಮು ಬರಲೆಂದು ಕಾದರು. ನಾನೂ ಕಾದೆ. ಬರಲಿಲ್ಲ.

“ನೀಲಾ,” ಎಂದರು ಅವರು, ಹೊಟ್ಟೆಯದೂ ಅಲ್ಲದ, ಮೂಗಿನದೂ ಅಲ್ಲದ ಒಂದು ದನಿಯಲ್ಲಿ. “ಪೂರ್ತಿ ಬೈದೆಯಲ್ಲೇ!”

“ಬೈದೆ. ಇನ್ನೂ ಬೇಕಾ?”

“ರಾತ್ರಿ ಮಲಗ್ತೀಯಾ ಈಗ?”

“ಅಂಗಾತ ಮಲಗ್ತೀನಿ. ನೀವು ನೋಡಿದ್ರೆ ತಾನೇ.”

ಅವರು ಎದ್ದು ಹೋಗಿ ಉಪ್ಪಿಟ್ಟು ತಿಂದರು. ಆ ಸಂಜೆ ಟವೆಲುಗಳು ಬ್ಯಾಟರಿ ಗಾಡಿಯಿಂದ ಹಗ್ಗಕ್ಕೆ ವರ್ಗವಾದವು.

ಮೊದಲ ಸವಾರಿಯನ್ನು ನೋಡಲು ಕ್ಲಬ್ಬಿನ ವರಾಂಡದಲ್ಲಿ ಜಾಗವಿರಲಿಲ್ಲ. ಗುರುಶಾಂತಪ್ಪನವರು ಗುರುತು ಸಿಗಬಾರದೆಂದು ತಲೆಗೆ ಶಾಲು ಸುತ್ತಿಕೊಂಡಿದ್ದರು. ಊರಿನ ಏಕೈಕ ಬ್ಯಾಟರಿ ಗಾಡಿಯ ಮೇಲೆ, ಊರಿನ ಏಕೈಕ ಅಂಥ ಹೊಟ್ಟೆ. ಒಂದು ನಾಯಿ ಅವರನ್ನು ಹಿಂದೆ ಹಾಕಿ, ಮುಂದೆ ಹೋಗಿ, ಅಯ್ಯೋ ಪಾಪ ಅನ್ನಿಸಿ ಕಾದು ನಿಂತಿತು. ಸಮಿತಿಯ ಖಜಾಂಚಿ ಹಾಲೇಶಪ್ಪ ಕೈಯೆತ್ತಿ, “ಟಾಪ್ ಗೇರಲ್ಲಿ ಬರ್ತಿದಾರೆ, ದಾರಿ ಬಿಡ್ರಪ್ಪೋ!” ಎಂದು ಕೂಗಿದ. ಹಾಲೇಶಪ್ಪನ ಕಾರು ಅವನ ಅತ್ತೆಯ ಹೆಸರಿನಲ್ಲಿದೆ, ಅತ್ತೆ ಆಸ್ಪತ್ರೆಯಲ್ಲಿದ್ದಾರೆ.

ಆದರೆ ಊರು ಎಷ್ಟು ನಕ್ಕರೂ ಒಂದು ವಿಷಯವನ್ನು ಮುಚ್ಚಿಡಲಾಗಲಿಲ್ಲ. ಅಧ್ಯಕ್ಷರ ಓಣಿಯಲ್ಲಿ ಜಗುಲಿಗೆ ಬೂದು ಹತ್ತುವುದು ನಿಂತಿತು. ಸಂಜೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದ ತಾಯಂದಿರು ಕರೆಯುವುದನ್ನು ಮರೆತರು. ಗೇಟಿನ ಪಕ್ಕದ ನುಗ್ಗೆಮರ ಹೂ ಬಿಟ್ಟಿತು. ಅದು ನುಗ್ಗೆಮರ ಎಂದು ಬಹಳ ಜನಕ್ಕೆ ಆವಾಗಲೇ ತಿಳಿದದ್ದು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ನೀಲಮ್ಮನವರು ಹಪ್ಪಳ ಹರಡಿದರು, ಹಪ್ಪಳ ಬಿಳಿಯಾಗಿಯೇ ಒಣಗಿತು. ಗುರುಶಾಂತಪ್ಪನವರು ಮುಂದಿನ ಬುಟ್ಟಿಯಲ್ಲಿ ಸೊಪ್ಪು ಇಟ್ಟುಕೊಂಡು, ನೇರ ದಾರಿಯಲ್ಲೇ, ಸಿಕ್ಕಸಿಕ್ಕವರ ಹತ್ತಿರ ಮಾತಾಡುತ್ತ ಬರತೊಡಗಿದರು. ಗಾಜು ಇಳಿಸದೆ ಮಾತಾಡಬಹುದು ಎಂಬುದೇ ಅವರಿಗೆ ಹೊಸದು. ಮಾಲಿನ್ಯದ ಬಗ್ಗೆ ಅವರು ಮಾಡಿದ ಭಾಷಣಗಳೆಲ್ಲ ಸೇರಿ ಮಾಡದ ಕೆಲಸವನ್ನು ಅವರ ಪೃಷ್ಠ ಒಂದು ಕುರ್ಚಿ ಬದಲಾಯಿಸಿ ಮಾಡಿತು.

ಕಲ್ಲಿದ್ದಲಿನ ಮಾತೂ ಸುಳ್ಳಾಗಲಿಲ್ಲ ಎನ್ನಬೇಕು. ಒಂದು ಸಂಜೆ, ಯಾರೂ ಕೂಗದೆಯೇ, ಎಲ್ಲೋ ಬಹುದೂರದ ವಿದ್ಯುತ್ ಸ್ಥಾವರದಿಂದ, ದಾರಿಯುದ್ದಕ್ಕೂ ವಿಚಾರಿಸಿಕೊಂಡು ಬಂದ ಹಾಗೆ ಒಂದು ಹೊಗೆ ಅವರ ಗೇಟಿಗೆ ಬಂತು. ಬ್ಯಾಟರಿ ಗಾಡಿಯ ಪಾಲಿನದು. ಗಾತ್ರ? ಈಗಷ್ಟೇ ಕಣ್ಣು ಬಿಟ್ಟ ಬೆಕ್ಕಿನ ಮರಿಯಷ್ಟು. ದಣಿದು ಹೊಸ್ತಿಲ ಮೇಲೆ ಮುದುಡಿ ಕೂತಿತು. “ಅಯ್ಯೋ, ಇದಾ ನೀವು ಹೇಳ್ತಿದ್ದ ಕರೆಂಟಿನ ಹೊಗೆ?” ಎಂದು ನೀಲಮ್ಮನವರು ಮೊರದಿಂದ ಒಂದೇ ಬೀಸು ಬೀಸಿದರು, ಕರಗಿತು. ಹನ್ನೊಂದು ಸದಸ್ಯರ ವಾದವೂ ಅದರ ಜೊತೆ ಕರಗಬೇಕಿತ್ತು, ಸದಸ್ಯರಾದ್ದರಿಂದ ಕರಗಲಿಲ್ಲ.

ಎಲ್ಲ ಸರಿ, ಭದ್ರ ಏನಾದ? ಇಲ್ಲಿ ತರ್ಕಶಾಸ್ತ್ರದ ಮೇಷ್ಟ್ರು ಒಂದು ಸಣ್ಣ ತರ್ಕ ಮರೆತಿದ್ದ. ಹೊಗೆ ಮನೆಯಲ್ಲಿ ಕರಗುವುದು ಅದನ್ನು ಹೀರಿಕೊಳ್ಳಲು ಮನುಷ್ಯರು ಇರುವುದರಿಂದ. ಪರಿಸರ ಭವನದಲ್ಲಿ ಯಾರಿದ್ದಾರೆ? ಅಷ್ಟು ದಿನ ನಾನು ಕರೆದು ತುಂಬಿದ್ದೆಲ್ಲ, ಕೆರೆ ಸುತ್ತಿ ಹುಟ್ಟಿಸಿದ ಹೊಸ ಹೊಗೆಯೂ ಸೇರಿ, ಹಾಗೇ ಒಳಗೆ ಒತ್ತಿಕೊಂಡು ನಿಂತಿತ್ತು. ಕಿಟಕಿಯ ಗಾಜು ಹೊರಕ್ಕೆ ಉಬ್ಬಿತ್ತು. ಬೀಗದ ತೂತಿಗೆ ನಾನು ಚೂಯಿಂಗ್ ಗಮ್ ಮೆತ್ತಿದೆ.

ಇಂಥ ಹೊತ್ತಿನಲ್ಲಿ ಸಮಿತಿಯವರಿಗೆ ಒಂದು ಯೋಚನೆ ಹೊಳೆಯಿತು. ನಿನ್ನೆಯವರೆಗೆ ನಕ್ಕವರೇ, ಕಾರು ಬಿಟ್ಟು ಬ್ಯಾಟರಿ ಗಾಡಿ ಹತ್ತಿದ ಮಹನೀಯರಿಗೆ ‘ಗಾಳಿಯ ಗೆಳೆಯ’ ಎಂಬ ಬಿರುದು ಕೊಟ್ಟು ಸನ್ಮಾನಿಸಬೇಕು ಎಂದರು. ಸನ್ಮಾನಿಸಿಬಿಟ್ಟರೆ ಅನುಸರಿಸುವ ಕಷ್ಟ ತಪ್ಪುತ್ತದೆ. ನಮ್ಮೂರಿಗೆ ಇದು ಚೆನ್ನಾಗಿ ಗೊತ್ತು. ಎಲ್ಲಿ ಮಾಡುವುದು? “ಪರಿಸರ ಭವನದಲ್ಲೇ ಆಗಲಿ,” ಎಂದರು ಗುರುಶಾಂತಪ್ಪನವರು, ನನ್ನನ್ನೇ ನೋಡುತ್ತ. ಬೀಗ ತುಕ್ಕು ಹಿಡಿದಿದೆ, ಕೈ ತಿರುಗುವುದಿಲ್ಲ ಎಂದೆ. “ಹಾಗಾದರೆ ಭವನದ ಮುಂದೆ ಶಾಮಿಯಾನ ಹಾಕಿಸಿ ಮೇಷ್ಟ್ರೇ. ಸಂಜೆ ತಂಪಲ್ಲಿ ಆಗಲಿ, ಏನಂತೀರಿ?”

ಸನ್ಮಾನಕ್ಕೆ ಎಲ್ಲರೂ ಕಾರುಗಳಲ್ಲಿ ಬಂದರು. ಒಬ್ಬೊಬ್ಬರಿಗೆ ಒಂದೊಂದು ಕಾರು, ಗುಂಡಿಯ ಸುತ್ತ ನಿಲ್ಲಿಸಲು ಜಾಗವಿಲ್ಲ. ಗುರುಶಾಂತಪ್ಪನವರು ಮಾತ್ರ ಬ್ಯಾಟರಿ ಗಾಡಿಯಲ್ಲಿ, ಪಕ್ಕದಲ್ಲಿ ನೀಲಮ್ಮನವರು ನಡೆದುಕೊಂಡು. ಅಷ್ಟು ದೂರ, ನಡೆದುಕೊಂಡು! ಹಾಲೇಶಪ್ಪ ಹಾರ ಹಾಕಿ, ವಾಯುವಿನ ಬಗ್ಗೆ ಮಾತಾಡುತ್ತ ವಾಯುಪ್ರಕೋಪ ಬಂದವನಂತೆ ಕೈಕಾಲು ಆಡಿಸಿದ. ಅವನು ಮುಗಿಸುವಷ್ಟರಲ್ಲಿ ಬೆಳಕು ಇಳಿದಿತ್ತು. ಕೊನೆಯಲ್ಲಿ ಗುರುಶಾಂತಪ್ಪನವರು ಮೈಕು ಬೇಡವೆಂದು ಕೈಯಾಡಿಸಿ, ಪಕ್ಕದವನ ಕಿವಿಯಲ್ಲಿ ಏನೋ ಹೇಳಿದರು. ಅವನು ಎದ್ದು ಘೋಷಿಸಿದ: “ಅಧ್ಯಕ್ಷರು ಮಾತಾಡಲ್ವಂತೆ! ಅವರ ಬದಲು ನಮ್ಮ ಮೇಷ್ಟ್ರು ಅವರದೇ ದನಿಯಲ್ಲಿ ಮಾತಾಡಬೇಕಂತೆ!”

ಚಪ್ಪಾಳೆ, ಸಿಳ್ಳೆ. ನಾನು ಗಂಟಲು ಕೆಟ್ಟಿದೆ ಎಂದೆ. ಪ್ರಿನ್ಸಿಪಾಲರ ಸೀನು ಮಾಡಲೇ ಎಂದೆ. ಫ್ರಿಜ್ಜು ಮಾಡಲೇ ಎಂದೆ. “ಗುರುಶಾಂತಪ್ಪ! ಗುರುಶಾಂತಪ್ಪ!” ಎಂದು ನನ್ನ ವಿದ್ಯಾರ್ಥಿಗಳೇ ಕೂಗಿದರು, ಕೃತಘ್ನರು. ನೀಲಮ್ಮನವರ ಕಡೆ ನೋಡಿದೆ, ಕಾಪಾಡಿ ಎಂಬಂತೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಕೆಮ್ಮಿಗಲ್ಲ. ಆವಾಗ ಗೊತ್ತಾಯಿತು, ಗಂಡನಿಗೆ ಎಲ್ಲ ಹೇಳಿಬಿಟ್ಟಿದ್ದಾರೆ ಎಂದು.

ಚಟ ಎಂದೆನಲ್ಲ. ಅಷ್ಟು ಜನ ಕೇಳುವಾಗ ಬಾಯಿ ತಾನಾಗಿ ತೆರೆಯಿತು. ಒಂದೇ ಒಂದು, ಮೆಲ್ಲಗೆ, ಮುಗಿಸಿಬಿಡೋಣ ಅಂದುಕೊಂಡೆ. “ಹ್ರೂಂ… ಮಹನೀಯರೇ, ಮಹಿಳೆಯರೇ—”

ಹಿಂದೆ ಬೀಗ ಸಿಡಿದ ಸದ್ದಾಯಿತು. ಭವನದ ಬಾಗಿಲೆರಡೂ ಹೊರಕ್ಕೆ ಬಿದ್ದವು. ಭದ್ರ ಬಂದ. ಆನೆಯಲ್ಲ ಈಗ, ಆನೆಯ ಹಿಂಡು. ಗುಂಡಿಯ ಅಂಚಿನಲ್ಲಿ ಒಂದು ಗುಡ್ಡವೇ ಎದ್ದ ಹಾಗೆ ಮೇಲೆದ್ದು, ಶಾಮಿಯಾನದ ಬಟ್ಟೆಯನ್ನು ತಲೆಯಿಂದ ಎತ್ತಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ವೇದಿಕೆ ಹತ್ತಿ ನನ್ನ ಪಕ್ಕ ನಿಂತ. ಹಾರ ಹಾಕಿಸಿಕೊಳ್ಳಲು ಬಂದವನಂತೆ ಕುತ್ತಿಗೆ ಚಾಚಿದ.

“ಹೋಗು,” ಎಂದೆ ನನ್ನ ದನಿಯಲ್ಲಿ. ಕೇಳಿಸಿಕೊಳ್ಳಲಿಲ್ಲ. “ಹ್ರೂಂ… ಹೋಗಪ್ಪಾ ಭದ್ರಾ,” ಎಂದೆ ಅಧ್ಯಕ್ಷರ ದನಿಯಲ್ಲಿ. ಆ ದನಿಗೆ ಅವನಿಗೆ ಗೊತ್ತಿದ್ದ ಅರ್ಥ ಒಂದೇ. ಇನ್ನಷ್ಟು ಹತ್ತಿರ ಬಂದು ಹೆಗಲಿಗೆ ಒರಗಿದ.

ಜನಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಕ್ಕವನು ದಫೇದಾರ. ಆಮೇಲೆ ಇಡೀ ಶಾಮಿಯಾನ. ಆ ಗದ್ದಲದಲ್ಲಿ ಗುರುಶಾಂತಪ್ಪನವರಿಗೂ ತಡೆಯಲಾಗದೆ ಹೊಟ್ಟೆಯಿಂದ ಒಂದು ನಗು ಹೊರಟು ಮೂಗಿಗೆ ಬಂತು. “ಹ್ರೂಂ—”

ಭದ್ರ ತಲೆ ತಿರುಗಿಸಿದ.

ನೀಲಮ್ಮನವರು ಗಂಡನ ಬಾಯಿಯ ಮೇಲೆ ಕೈಯಿಟ್ಟರು. “ಮುಚ್ಚಿ ರೀ! ಬಂದುಬಿಟ್ಟಾನು!” ಎಂದರು ಪಿಸುದನಿಯಲ್ಲಿ. ಎಲ್ಲರೂ ಗಪ್‌ಚಿಪ್ಪಾದರು. ಗುರುಶಾಂತಪ್ಪನವರ ಮುಖ ಕೆಂಪಾಗಿ, ಹೊಟ್ಟೆ ಅಲುಗಿ, ಬ್ಯಾಟರಿ ಗಾಡಿ ನಿಂತಲ್ಲೇ ಗಡಗಡ ನಡುಗಿತು. ಆ ಹೊಗೆಯ ಗುಡ್ಡ ನಿಧಾನವಾಗಿ ವೇದಿಕೆಯ ಅಂಚಿಗೆ ಹೋಯಿತು. ಹಳೆಯ ಯಜಮಾನನನ್ನು ಮೂಸಿತು. ಅವರ ಮೈಯಲ್ಲಿ ಪೆಟ್ರೋಲಿನ ವಾಸನೆಯಿಲ್ಲ. ಉಪ್ಪಿಟ್ಟಿನದು, ನುಗ್ಗೆಸೊಪ್ಪಿನದು ಇದ್ದಿರಬೇಕು. ನೀಲಮ್ಮನವರು ಒಂದು ಹೆಜ್ಜೆ ಮುಂದೆ ಬಂದು, ಗಂಡನಿಗೆ ಅಡ್ಡವಾಗಿ, ಒಂದು ಕೈಯನ್ನು ಅವರ ಬಾಯಿಯ ಮೇಲಿಂದ ತೆಗೆಯದೆ, ಇನ್ನೊಂದನ್ನು ಸೊಂಟಕ್ಕೆ ಕೊಟ್ಟು ನಿಂತರು. ಭದ್ರ ಅವರನ್ನು ನೋಡಿದ. ಅವರು ಭದ್ರನನ್ನು ನೋಡಿದರು, ಒಂದು ಪೂರ್ತಿ ಬೈಗುಳ ಬಾಯಲ್ಲಿ ಸಿದ್ಧವಿಟ್ಟುಕೊಂಡು.

ಭದ್ರ ಹಿಂದೆ ತಿರುಗಿ ಸದ್ದಿಲ್ಲದೆ ಬಂದು ನನ್ನ ಪಕ್ಕದಲ್ಲಿ ನಿಂತ.

ಆಗ ನೀಲಮ್ಮನವರು ಗಂಡನ ಬಾಯಿಂದ ಕೈ ತೆಗೆದರು. ಸೈಕಲ್ ತಳ್ಳಿಕೊಂಡು ನನ್ನ ಬಾಡಿಗೆ ಕೋಣೆಯ ಕಡೆ ಹೊರಟೆ, ಹಿಂದೆ ಊರಿನ ಅತಿ ದೊಡ್ಡ ಹೊಗೆ ಹೆಜ್ಜೆಗೆ ಹೆಜ್ಜೆ ಹಾಕುತ್ತ. ಉಳಿದವರ ನಗು ಗುಂಡಿ ದಾಟುವುದರೊಳಗೆ ಕೇಳಿಸದಾಯಿತು. ಗುರುಶಾಂತಪ್ಪನವರದು ಮಾತ್ರ ಕೆರೆಯ ಏರಿಯವರೆಗೂ ಬೆನ್ನಿಗೆ ಬಡಿಯುತ್ತಲೇ ಇತ್ತು, ಹೊಟ್ಟೆಯಿಂದ ಹೊರಟು, ಮೂಗಿಗೂ ಸಿಗದೆ, ನೇರವಾಗಿ.